ಹೊಲದ ಬೆಲೆ ಬರೆಯುವ ಕೈ

(ಬ್ರಹ್ಮಸಮುದ್ರದ ಕೂಟದಲ್ಲಿ ಮಾಡಿದ ಭಾಷಣ)



ಹೊಲಮನೆಗಳಿಗೆ ಬೆಲೆ ಕಟ್ಟುವ ಕಸುಬಿನವರಾದ ನಮಗೆ ಕೂಲಿಕಾರರ ಸಭೆಯಲ್ಲಿ ಏನು ಕೆಲಸ ಎಂದು ನಿಮ್ಮಲ್ಲಿ ಕೆಲವರಾದರೂ ಕೇಳಿಕೊಂಡಿರಬೇಕು. ಕೇಳಬೇಕಾದ ಪ್ರಶ್ನೆಯೇ. ವ್ಯಾಲ್ಯುಯರ್ ಎಂಬವನು ಬ್ಯಾಂಕಿನವರ ಜೊತೆ ಜೀಪಿನಲ್ಲಿ ಬರುತ್ತಾನೆ, ಟೇಪು ಹಿಡಿಯುತ್ತಾನೆ, ನಾಲ್ಕು ಫೋಟೋ ತೆಗೆದು ಹೋಗುತ್ತಾನೆ. ಅವನಿಗೆ ಫೀಜು ಕೊಡುವವರು ಬ್ಯಾಂಕಿನವರು, ಇಲ್ಲವೇ ಕಂಪನಿಯವರು. ಆದರೆ ಅವನು ಬರೆದ ಅಂಕಿಯ ಭಾರ ಬೀಳುವುದು ಫೀಜು ಕೊಡದವರ ಮೇಲೆ, ಆ ಅಂಕಿ ಬರೆಯುವಾಗ ಅಲ್ಲಿ ಇಲ್ಲದವರ ಮೇಲೆ. ಆದಕಾರಣ ಅವನ ನೀತಿಯ ಮಾತನ್ನು ಅವನ ಸಂಘದವರು ಮಾತ್ರ ಆಡಿದರೆ ಸಾಲದು, ನೀವೂ ಆಡಬೇಕು ಎಂಬುದೇ ನಾವು ಇಲ್ಲಿಗೆ ಬಂದಿರುವ ಉದ್ದೇಶ.

ಮೊದಲು ನಮ್ಮದೇ ತಪ್ಪೊಂದನ್ನು ಹೇಳಿಬಿಡುತ್ತೇವೆ. ಊರಿನ ಹೆಸರೂ ಬ್ಯಾಂಕಿನ ಹೆಸರೂ ಬೇಡ. ಸಾಲ ತೀರಿಸಲಾಗದ ಒಬ್ಬ ಗಾರೆ ಕೆಲಸದವರ ಮನೆ ಹರಾಜಿಗೆ ಬಂದಿತ್ತು. 2002ರ ಸರ್ಫೇಸಿ ಕಾಯ್ದೆಯ ನಿಯಮಗಳ ಪ್ರಕಾರ, ಒತ್ತೆಯಿಟ್ಟ ಆಸ್ತಿಯನ್ನು ಮಾರುವ ಮುಂಚೆ ಬ್ಯಾಂಕು ಅನುಮೋದಿತ ವ್ಯಾಲ್ಯುಯರನಿಂದ ಬೆಲೆ ಕಟ್ಟಿಸಿ, ಅದಕ್ಕಿಂತ ಕಡಿಮೆಗೆ ಕೊಡಲಾಗದ ಒಂದು ಬೆಲೆಯನ್ನು ಗೊತ್ತುಮಾಡಬೇಕು. ಆ ಕೆಲಸ ನಮಗೆ ಬಂತು. ಹೋದದ್ದು ಸಾಯಂಕಾಲ. ಬಾಗಿಲು ಹಾಕಿತ್ತು. ಬೀದಿಯಿಂದಲೇ ಅಳತೆ ಹಿಡಿದು, ಮುಂದಿನ ಭಾಗವನ್ನು ನೋಡಿ, ಹಿಂದಿನದನ್ನು ಊಹಿಸಿ ವರದಿ ಬರೆದೆವು. ಹಿಂದೆ ಆ ಮನುಷ್ಯ ತನ್ನ ಕೈಯಾರೆ ಕಟ್ಟಿದ ಎರಡು ಕೋಣೆಗಳೂ ಒಂದು ತೊಟ್ಟಿಯೂ ಇದ್ದವು. ಮನೆ ನಾವು ಬರೆದ ಬೆಲೆಯ ಆಸುಪಾಸಿನಲ್ಲೇ ಹೋಯಿತು. ಬಹಳ ದಿನಗಳ ಮೇಲೆ ಅವರ ತಾಯಿ ಒಂದು ಮದುವೆಮನೆಯಲ್ಲಿ ನಮ್ಮನ್ನು ಗುರುತು ಹಿಡಿದರು. ಬೈಯಲಿಲ್ಲ. "ಅಲ್ಲಪ್ಪಾ, ಒಳಗ್ ಬಂದು ನೋಡಿದ್ರೇನಪ್ಪಾ ನೀವು?" ಎಂದು ಕೇಳಿದರು, ಅಷ್ಟೇ. ನಾವು ನೋಡಿರಲಿಲ್ಲ. ಲಂಚ ತೆಗೆದುಕೊಂಡಿರಲಿಲ್ಲ, ಯಾರ ಮಾತಿಗೂ ಬಗ್ಗಿರಲಿಲ್ಲ. ಬಾಗಿಲು ತೆರೆಯುವವರೆಗೆ ಕಾಯಲಿಲ್ಲ, ಇನ್ನೊಂದು ದಿನ ಬರಲಿಲ್ಲ. ಈ ಕಸುಬಿನಲ್ಲಿ ಅನ್ಯಾಯ ಹೆಚ್ಚಾಗಿ ಹೀಗೆಯೇ ಆಗುತ್ತದೆ.

ಈಗ ಹೊಲದ ವಿಷಯಕ್ಕೆ ಬರೋಣ. ಮಾರಲೇಬೇಕೆಂಬ ಒತ್ತಡವಿಲ್ಲದವನು, ಕೊಳ್ಳಲೇಬೇಕೆಂಬ ಒತ್ತಡವಿಲ್ಲದವನಿಗೆ ಮಾರಿದರೆ ಎಷ್ಟು ಬರುತ್ತಿತ್ತೋ ಅದೇ ಮಾರುಕಟ್ಟೆ ಬೆಲೆ ಎಂದು ನ್ಯಾಯಾಲಯಗಳು ಬಹುಕಾಲದಿಂದ ಹೇಳುತ್ತಾ ಬಂದಿವೆ. ಕೇಳಲು ಸರಳ. ಆದರೆ ಮೂರು ವರ್ಷ ಮಳೆ ಕೈಕೊಟ್ಟ ಮೇಲೆ, ಮಗಳ ಮದುವೆಗೋ ಬೋರಿನ ಸಾಲಕ್ಕೋ ಕಡಲೆಕಾಯಿ ಹೊಲ ಮಾರಿದವನು ಒತ್ತಡವಿಲ್ಲದವನೇ? ಅವನ ಕ್ರಯಪತ್ರವನ್ನು ಮಾದರಿಯಾಗಿಟ್ಟು ಪಕ್ಕದ ಹೊಲಕ್ಕೆ ಬೆಲೆ ಬರೆದರೆ ಅವನ ಸಂಕಟವನ್ನೇ ಎರಡನೆಯ ಸಲ ಎಣಿಸಿದಂತೆ. ಬೆಲೆ ಕಟ್ಟುವವನು ಪತ್ರದ ಅಂಕಿ ನೋಡಿದರೆ ಸಾಲದು, ಆ ಮಾರಾಟ ಏಕೆ ಆಯಿತೆಂದು ವಿಚಾರಿಸಬೇಕು.

ಇಲ್ಲಿ ನಿಮಗೂ ಒಂದು ಕಹಿ ಮಾತು ಹೇಳಬೇಕಾಗಿದೆ. ಎಕರೆಗೆ ನಿಜವಾಗಿ ಕೊಟ್ಟದ್ದು ಒಂದು, ಸ್ಟಾಂಪಿನ ಹಣ ಉಳಿಸಲು ಪತ್ರದಲ್ಲಿ ಬರೆಸಿದ್ದು ಇನ್ನೊಂದು. ಈ ಪದ್ಧತಿ ಗಡಿಯ ಎರಡೂ ಕಡೆ ಇದೆ. 1894ರ ಹಳೆಯ ಭೂಸ್ವಾಧೀನ ಕಾಯ್ದೆಯ ಬದಲಿಗೆ ಬಂದ 2013ರ ಕಾಯ್ದೆ 1-1-2014ರಿಂದ ಜಾರಿಗೆ ಬಂತು. ಅದರ 26ನೇ ಕಲಮಿನಂತೆ ಮೂರು ಬೆಲೆಗಳಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯಬೇಕು: ಸ್ಟಾಂಪು ಕಾಯ್ದೆಯಂತೆ ನೋಂದಣಿಗೆ ಗೊತ್ತಾದ ಬೆಲೆ; ಹತ್ತಿರದ ಹಳ್ಳಿಯಲ್ಲಿ ಅಂಥದೇ ಜಮೀನಿನ ಹಿಂದಿನ ಮೂರು ವರ್ಷದ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ಆರಿಸಿ ತೆಗೆದ ಸರಾಸರಿ; ಖಾಸಗಿ ಕಂಪನಿಗೋ ಪಾಲುದಾರಿಕೆಯ ಯೋಜನೆಗೋ ಆದರೆ ರೈತರು ಒಪ್ಪಿದ ಮೊತ್ತ. ಪತ್ರಗಳಲ್ಲೆಲ್ಲ ಸುಳ್ಳು ಅಂಕಿ ಇದ್ದರೆ ಅತಿ ಹೆಚ್ಚಿನ ಪತ್ರವೂ ಸುಳ್ಳೇ ಆಗಿರುತ್ತದೆ. ಅಂದು ಉಳಿಸಿದ ಸ್ಟಾಂಪಿನ ಹಣವನ್ನು ಇಡೀ ಊರು ಪರಿಹಾರದಲ್ಲಿ ಕಳೆದುಕೊಳ್ಳುತ್ತದೆ. ವ್ಯಾಲ್ಯುಯರನು ಎಷ್ಟೇ ಪ್ರಾಮಾಣಿಕನಾದರೂ ಅವನ ಕೈಗೆ ನಾವು ಕೊಟ್ಟ ತಕ್ಕಡಿಯೇ ಸರಿಯಿಲ್ಲದಿದ್ದರೆ ಏನು ಮಾಡಿಯಾನು?

ಒಂದು ಲಕ್ಷ ಹೆಚ್ಚುಕಡಿಮೆಯಾದರೆ ಏನಂತೆ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಗ್ರಾಮಾಂತರ ಜಮೀನಿಗೆ ಆ ಬೆಲೆಯನ್ನು 1ರಿಂದ 2ರ ತನಕ ಒಂದು ಸಂಖ್ಯೆಯಿಂದ ಗುಣಿಸಬೇಕು. ಬಂದದ್ದರ ಮೇಲೆ ನೂರಕ್ಕೆ ನೂರು ಸೊಲೇಷಿಯಂ ಸೇರಿಸಬೇಕು. ಗುಣಕ 1.25 ಎಂದು ಹಿಡಿದರೂ ಎಕರೆಗೆ 1 ಲಕ್ಷ ಕಡಿಮೆ ಬರೆದ ಕೈ, ರೈತನಿಂದ ಎರಡೂವರೆ ಲಕ್ಷ ಕಿತ್ತುಕೊಂಡಂತಾಯಿತು. ಹಳೆಯ ಕಾಯ್ದೆಯಲ್ಲಿ ಸೊಲೇಷಿಯಂ ಮೊದಲು ನೂರಕ್ಕೆ 15, 1984ರ ತಿದ್ದುಪಡಿಯ ಮೇಲೆ 30. ಅಂದಿನ ಅಜಾಗರೂಕತೆಗಿಂತ ಇಂದಿನ ಅಜಾಗರೂಕತೆ ಹೆಚ್ಚು ದುಬಾರಿ.

ಗಡಿನಾಡಿನ ನಮಗೆ ಮಾತ್ರ ಇರುವ ಒಂದು ತೊಡಕನ್ನೂ ಹೇಳಬೇಕು. ಇಲ್ಲಿ ನಾವು ಸೆಂಟಿನಲ್ಲಿ ಅಳೆಯುತ್ತೇವೆ. ಚಳ್ಳಕೆರೆ, ಪಾವಗಡದ ಕಡೆ ಹೋದರೆ ಗುಂಟೆ. ಎಕರೆಗೆ ಸೆಂಟು 100, ಗುಂಟೆ 40. ಅಂದರೆ ಒಂದು ಗುಂಟೆಗೆ ಎರಡೂವರೆ ಸೆಂಟು. ಇಲ್ಲಿ ಅಡಂಗಲ್, ಅಲ್ಲಿ ಪಹಣಿ. ಇಲ್ಲಿ ತೆಲುಗಿನ ಪತ್ರ, ಅಲ್ಲಿ ಕನ್ನಡದ್ದು. ಪಟ್ಟಣದಿಂದ ಬಂದ ಹುಡುಗ ಆಚೆಯ ಗುಂಟೆಯ ದರವನ್ನು ಈಚೆಯ ಸೆಂಟಿಗೆ ಹಚ್ಚಿದರೆ ಬೆಲೆ ಎರಡೂವರೆ ಪಟ್ಟು ಏರುತ್ತದೆ, ಅದಲುಬದಲಾದರೆ ಅಷ್ಟೇ ಇಳಿಯುತ್ತದೆ. ಭಾಷೆ ಬಾರದ ಊರಿನ ಪತ್ರ ಓದಲು ಹತ್ತಿರದವನೊಬ್ಬನನ್ನು ಕೇಳಿಕೊಳ್ಳುವುದು ಅವಮಾನವಲ್ಲ. ತನಗೆ ತಿಳಿಯದ ಕೆಲಸವನ್ನು ಒಪ್ಪಿಕೊಳ್ಳದಿರುವುದೂ ಈ ಕಸುಬಿನ ನೀತಿಯಲ್ಲಿ ಸೇರಿದೆ.

ಇನ್ನು ಡಿ.ಕೆ.ಟಿ. ಪಟ್ಟಾ. ಇಲ್ಲಿ ಕುಳಿತಿರುವ ಎಷ್ಟೋ ಕುಟುಂಬಗಳಿಗೆ ಇರುವುದು ಅದೊಂದೇ. ಸರ್ಕಾರ ಬಡವರಿಗೆ ಹಂಚಿದ ಈ ಜಮೀನನ್ನು ಮಾರಬಾರದೆಂದು 1977ರ ಆಂಧ್ರಪ್ರದೇಶ ಕಾಯ್ದೆ ನಿಷೇಧ ಹಾಕಿತು. ಬಡವನ ಕೈಯಿಂದ ಜಮೀನು ಜಾರದಿರಲಿ ಎಂಬುದು ಅದರ ಉದ್ದೇಶ. ಆದರೆ ಬೆಲೆ ಕಟ್ಟುವವನಿಗೆ ಅದೇ ನೆಪವಾಯಿತು: ಮಾರಾಟವೇ ಇಲ್ಲದ ಜಮೀನಿಗೆ ಬೆಲೆಯೆಲ್ಲಿಂದ ಬರಬೇಕು ಎಂದ. ಬದುವಿನ ಆಚೆಯ ಪಟ್ಟಾ ಹೊಲಕ್ಕೆ ಒಂದು ದರ, ಅದೇ ಮಣ್ಣು ಅದೇ ಮಳೆಯ ಈಚೆಯ ಹೊಲಕ್ಕೆ ಇನ್ನೊಂದು ದರ. ಮೇಕಲ ಪಾಂಡು ಪ್ರಕರಣದಲ್ಲಿ 2004ರಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ವಿಸ್ತೃತ ಪೀಠ, ಇಂಥ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಹಿಂದಕ್ಕೆ ತೆಗೆದುಕೊಂಡಾಗ ಪೂರ್ಣ ಒಡೆಯನಿಗೆ ಸಲ್ಲುವ ಮಾರುಕಟ್ಟೆ ಬೆಲೆಯೇ ಇವರಿಗೂ ಸಲ್ಲಬೇಕೆಂದು ಹೇಳಿತು. ಈ ತೀರ್ಪಿನ ಹೆಸರನ್ನು ಬರೆದಿಟ್ಟುಕೊಳ್ಳಿ. ಆದಿಲಾಬಾದಿನ ಜವಾಜಿ ನಾಗನಾಥಂ ಪ್ರಕರಣವನ್ನೂ ಬರೆದುಕೊಳ್ಳಿ: ಸ್ಟಾಂಪು ಸುಂಕಕ್ಕೆಂದು ಕಚೇರಿಯಲ್ಲಿಟ್ಟ ಬೆಲೆಪಟ್ಟಿಯೊಂದನ್ನೇ ಆಧಾರವಾಗಿಟ್ಟು ಮಾರುಕಟ್ಟೆ ಬೆಲೆ ತೀರ್ಮಾನಿಸಲಾಗದೆಂದು ಸುಪ್ರೀಂ ಕೋರ್ಟು 1994ರಲ್ಲಿ ಹೇಳಿತು. ಹೊಸ ಕಾಯ್ದೆಯಲ್ಲಿ ಆ ಬೆಲೆ ಮೂರರಲ್ಲಿ ಒಂದಾಗಿ ಸೇರಿದೆ, ನಿಜ. ಆದರೆ ಅದೊಂದೇ ಅಲ್ಲ. ಕುರ್ಚಿ ಬಿಟ್ಟೇಳದೆ ಆ ಪಟ್ಟಿ ನೋಡಿ ಬೆಲೆ ಬರೆಯುವವನು ಗುಮಾಸ್ತೆಯ ಕೆಲಸ ಮಾಡಿದಂತೆ, ಬೆಲೆ ಕಟ್ಟಿದಂತಲ್ಲ.

ನೆರೆಯ ಪಾವಗಡದ ಸಂಗತಿ ನಿಮಗೆಲ್ಲ ಗೊತ್ತಿದೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆ ಸೋಲಾರಿಗೆ ಹೋಯಿತು, ಕೊಂಡದ್ದಲ್ಲ, ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರ ಏರಿಕೆ. 2019ರ ಕೊನೆಗೆ 2,050 ಮೆಗಾವಾಟಿನ ಕೆಲಸ ಪೂರ್ತಿಯಾಯಿತು. ಜಮೀನಿನ ಬೆಲೆಯನ್ನು ಬೆಳೆಯ ವರ್ಷಗಳಿಂದ ಎಣಿಸುವುದು ಹೊಸದೇನಲ್ಲ. ಯಾಜಕಕಾಂಡದ 25ನೇ ಅಧ್ಯಾಯದಲ್ಲೂ ಜೂಬಿಲಿ ಸಂವತ್ಸರಕ್ಕೆ ಇನ್ನೆಷ್ಟು ಬೆಳೆ ಉಳಿದಿದೆಯೋ ಅದಕ್ಕೆ ತಕ್ಕಂತೆ ಹೊಲದ ಕ್ರಯ ಏರಬೇಕು, ಇಳಿಯಬೇಕು ಎಂಬ ಕಟ್ಟಳೆಯಿದೆ. ಹೊಲ ಮಾತ್ರ ಒಡೆಯನಿಗೇ ಮರಳುತ್ತದೆ. ಪಾವಗಡದಲ್ಲಿ ಹೊಲ ಇದ್ದವರಿಗೆ ಬರದ ವರ್ಷದಲ್ಲೂ ಹಣ ಬಂತು. ಹೊಲವಿಲ್ಲದೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರ, ಕಡಲೆಕಾಯಿ ಬಿಡಿಸುತ್ತಿದ್ದವರ, ಕುರಿ ಮೇಯಿಸುತ್ತಿದ್ದವರ ಕೂಲಿಗೆ ಬೆಲೆ ಕಟ್ಟಿದವರು ಯಾರು?

ಅದು ವ್ಯಾಲ್ಯುಯರನ ಕೆಲಸವಲ್ಲ ಎಂದು ನಮ್ಮ ಕಸುಬಿನವರೇ ವಾದಿಸುತ್ತಾರೆ. ನಾವು ಪೂರ್ತಿ ಒಪ್ಪುವುದಿಲ್ಲ. ವರದಿಯಲ್ಲಿ ಆಸ್ತಿ ಯಾರ ಅನುಭವದಲ್ಲಿದೆ ಎಂದು ಬರೆಯುವ ಜಾಗವಿರುತ್ತದೆ. ಅಲ್ಲಿ 'ಮಾಲೀಕ' ಎಂದು ಒಂದೇ ಪದ ಗೀಚಿ ಮುಗಿಸುವುದು ರೂಢಿ. ಕೋರಿಗೆ ಮಾಡುವವನಿದ್ದರೆ ಅವನನ್ನೂ, ವರ್ಷವಿಡೀ ಅಲ್ಲೇ ದುಡಿಯುವ ಕುಟುಂಬಗಳಿದ್ದರೆ ಅವರನ್ನೂ ಎರಡು ಸಾಲು ಬರೆಯಲು ಯಾರ ಅಡ್ಡಿಯೂ ಇಲ್ಲ. 2013ರ ಕಾಯ್ದೆಯಂತೆ, ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು ಅದರಿಂದಲೇ ಮುಖ್ಯವಾಗಿ ಬದುಕಿದ ಕೃಷಿ ಕೂಲಿಕಾರರೂ ಗೇಣಿದಾರರೂ 'ಬಾಧಿತ ಕುಟುಂಬ'ದವರೇ. ಆದರೆ ಅವರು ಅಲ್ಲಿದ್ದರೆಂಬುದಕ್ಕೆ ಕಾಗದ ಬೇಕಲ್ಲವೇ? ಆ ಎರಡು ಸಾಲೇ ಮುಂದೆ ಒಂದು ಕಾಗದವಾದೀತು.

ಈ ಕಸುಬಿಗೆ ಬರೆದಿಟ್ಟ ನೀತಿ ಇಲ್ಲವೇ? ಇದೆ. 2013ರ ಕಂಪನಿ ಕಾಯ್ದೆಯ 247ನೇ ಕಲಮು, ಅದರ ಕೆಳಗಿನ 2017ರ ನೋಂದಾಯಿತ ಮೌಲ್ಯಮಾಪಕರ ನಿಯಮಗಳು. ತನಗೆ ಹಿತಾಸಕ್ತಿ ಇರುವ ಆಸ್ತಿಗೆ ಬೆಲೆ ಕಟ್ಟಬಾರದು. ಬೆಲೆ ಕಟ್ಟುವ ಹಿಂದಿನ ಮೂರು ವರ್ಷ, ಮುಂದಿನ ಮೂರು ವರ್ಷ ಅದರಲ್ಲಿ ಪಾಲು ಇರಬಾರದು. ಕೆಲಸ ಗೆದ್ದರೆ ಇಷ್ಟು ಎಂಬ ಫೀಜು ಕೂಡದು. ಸ್ವಾತಂತ್ರ್ಯಕ್ಕೆ ಧಕ್ಕೆ ತರುವ ಉಡುಗೊರೆ ಕೂಡದು. ಕೆಲಸ ಕೊಟ್ಟವರಿಗೆ ಅನುಕೂಲವಾದ ಬೆಲೆ ಬರೆಯಕೂಡದು. ಲೆಕ್ಕದ ಕಾಗದಗಳನ್ನು ಮೂರು ವರ್ಷವಾದರೂ ಇಟ್ಟಿರಬೇಕು. ಒಳ್ಳೆಯ ನಿಯಮಗಳೇ. ಆದರೆ ಅವು ಕಂಪನಿ ಕಾಯ್ದೆಯ ಕೆಲಸಗಳಿಗೆ ಮಾಡಿದವು. ನಿಮ್ಮ ಮನೆಸಾಲಕ್ಕೆ ಬರುವ ವ್ಯಾಲ್ಯುಯರನು ಬ್ಯಾಂಕಿನ ಪಟ್ಟಿಯಲ್ಲಿರುವವನು. ಎಲ್ಲರಿಗೂ ಸೇರಿ ಒಂದು ಕಾನೂನು ಬೇಕೆಂದು ಸರ್ಕಾರ ನೇಮಿಸಿದ ತಜ್ಞರ ಸಮಿತಿಯೊಂದು 2020ರಲ್ಲಿ ಕರಡನ್ನೇ ಕೊಟ್ಟಿತು.

ಈ ಮಾತನ್ನು ವಿಶೇಷವಾಗಿ ಹಿಂದೆ ನಿಂತಿರುವ ತಮ್ಮಂದಿರಿಗೆ ಹೇಳುತ್ತೇವೆ. ನಿಮ್ಮಲ್ಲಿ ಇಬ್ಬರು ಮೂವರು ಡಿಪ್ಲೊಮಾ ಮುಗಿಸಿ ಅನಂತಪುರದಲ್ಲೋ ಬೆಂಗಳೂರಿನಲ್ಲೋ ವ್ಯಾಲ್ಯುಯರರ ಕೈಕೆಳಗೆ ಸೈಟು ನೋಡುವ ಕೆಲಸದಲ್ಲಿದ್ದೀರಿ. ಸಹಿ ಹಾಕುವವರು ದೊಡ್ಡವರು, ಬಿಸಿಲಿನಲ್ಲಿ ಹೋಗುವವರು ನೀವು. ಒಂದು ದಿನಕ್ಕೆ ಇಷ್ಟು ಸೈಟು ಮುಗಿಸಬೇಕೆಂಬ ಒತ್ತಡ ನಿಮ್ಮ ಮೇಲಿದೆ. ಮೊದಲೇ ಅಂಕಿ ಹೇಳಿ, ಅದಕ್ಕೆ ಹೊಂದುವಂತೆ ಫೋಟೋ ತೆಗೆದು ಬಾ ಎನ್ನುವವರೂ ಇದ್ದಾರೆ. ಕೆಲಸ ಹೋದೀತೆಂಬ ಭಯ ನಮಗೂ ಗೊತ್ತು; ಧೈರ್ಯದ ದೊಡ್ಡ ಮಾತು ಆಡಲಾರೆವು. ಇಷ್ಟು ಮಾಡಬಹುದು: ಒಳಗೆ ಹೋಗಿ ನೋಡಿದ್ದರೆ 'ನೋಡಿದೆ' ಎಂದು, ನೋಡದಿದ್ದರೆ 'ನೋಡಲಿಲ್ಲ, ಬಾಗಿಲು ಹಾಕಿತ್ತು' ಎಂದು ತಾರೀಖು ಹಾಕಿ ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಬೋರಿನಲ್ಲಿ ನೀರು ಬರುವುದನ್ನು ಕಣ್ಣಾರೆ ಕಂಡಿರೋ, ಮಾಲೀಕ ಹೇಳಿದ್ದೋ, ಬೇರೆ ಬೇರೆಯಾಗಿ ಬರೆಯಿರಿ. ಹುಣಸೆ ಮರಗಳನ್ನು ಎಣಿಸಿ.

ಊಟದ ಮೇಲೆ ಇದೇ ಚಪ್ಪರದ ಕೆಳಗೆ ಸಾಯಂಕಾಲದ ಬಸ್ಸಿನವರೆಗೆ ನಾವು ಕುಳಿತಿರುತ್ತೇವೆ. ನೋಟೀಸು ಬಂದಿರುವವರು, ಬ್ಯಾಂಕಿನ ಕಾಗದ ಬಂದಿರುವವರು ಮೊದಲು ಬನ್ನಿ. ಪಾಸುಪುಸ್ತಕ, ಅಡಂಗಲ್, ಇ.ಸಿ. ಏನಿದೆಯೋ ತನ್ನಿ. ಮೂಲ ಪತ್ರವನ್ನು ನಮ್ಮ ಕೈಗೂ ಕೊಡಬೇಡಿ, ಜೆರಾಕ್ಸ್ ಸಾಕು.