ಬಂದವರು ಯಾರು?

‘ಬಡಗಿಯಿಂದ ಉಳಿಯಿಂದ ಬಾಗಿಲು ಕೆತ್ತಲ್ಪಟ್ಟಿತು’ ಎಂಬಲ್ಲಿ ವಿಭಕ್ತಿ ಒಂದೇ. ಆದರೆ ಬಡಗಿ ಕರ್ತೃ, ಉಳಿ ಕರಣ. ಇವೆರಡನ್ನು ಕಲಸಿದರೆ ಅರ್ಥ ಕೆಡುವಂತೆ ಗಣಕಯಂತ್ರದ ದಾಖಲೆಯೂ ಕೆಡುತ್ತದೆ.

ಜಾಲತಾಣಗಳಲ್ಲಿ ಅಪಾಚಿ ಎಂಬ ಸರ್ವರ್ ಮುಂಬಾಗಿಲಲ್ಲಿ ನಿಂತು, ಬಂದ ಕೋರಿಕೆಯನ್ನು ಹಿಂದಿರುವ ಟಾಮ್‌ಕ್ಯಾಟಿಗೆ ಒಪ್ಪಿಸುವುದುಂಟು. ಎರಡೂ ಒಂದೇ ಯಂತ್ರದಲ್ಲಿದ್ದು, ಎಚ್‌ಟಿಟಿಪಿ ಮೂಲಕ ಒಪ್ಪಿಸಿದರೆ, ಟಾಮ್‌ಕ್ಯಾಟಿನ ದಾಖಲೆಯಲ್ಲಿ ಎಲ್ಲರ ವಿಳಾಸವೂ 127.0.0.1 ಎಂದೇ ಬೀಳುವುದು. ಹೀಗಿರಲು ಒಬ್ಬ ದುಷ್ಟನನ್ನು ತಡೆಯಹೋದರೆ ಬಂದವರೆಲ್ಲರಿಗೂ ಬಾಗಿಲು ಮುಚ್ಚೀತು! ಎಜೆಪಿ ಪದ್ಧತಿಯ ಮಾಡ್-ಜೆಕೆ ಎಂಬ ಕನೆಕ್ಟರು ಅಪಾಚಿ ಕಂಡ ವಿಳಾಸವನ್ನು ಒಳಕ್ಕೆ ತಿಳಿಸುತ್ತದೆ, ನಿಜ. ಆದರೆ ಅಪಾಚಿಯ ಮುಂದೆ ಇನ್ನೊಂದು ಮಧ್ಯವರ್ತಿ ಯಂತ್ರವಿದ್ದರೆ ಒಳಗೆ ತಲಪುವುದು ಅದರ ವಿಳಾಸವೇ.

ಪರಿಹಾರವೇನು? ದಾಖಲೆಯಲ್ಲಿ ಕಾಣುವ ವಿಳಾಸ ಯಾವ ಯಂತ್ರದ್ದೆಂದು ಮೊದಲು ಗುರುತಿಸಿರಿ. ಮೂಲ ವಿಳಾಸ ಮರೆಯಾದದ್ದು ಅಲ್ಲಿ, ಇಲ್ಲವೇ ಅದಕ್ಕೂ ಮೊದಲಿನ ಮಧ್ಯವರ್ತಿಯಲ್ಲಿ. ಮಧ್ಯವರ್ತಿಗಳು ಮೂಲ ವಿಳಾಸವನ್ನು ‘ಎಕ್ಸ್-ಫಾರ್ವರ್ಡೆಡ್-ಫಾರ್’ ಎಂಬ ತಲೆಬರಹದಲ್ಲಿ ಬರೆದು ಕಳುಹಿಸುವುದು ವಾಡಿಕೆ. ಅದನ್ನು ಅಪಾಚಿ 2.4ರಲ್ಲಿ ಮಾಡ್-ರಿಮೋಟ್‌ಐಪಿ, ಟಾಮ್‌ಕ್ಯಾಟಿನಲ್ಲಿ ರಿಮೋಟ್‌ಐಪಿ ವಾಲ್ವ್ ಓದಿಕೊಡುತ್ತವೆ.

ಆದರೆ ಎಚ್ಚರ! ಆ ಸಾಲನ್ನು ಯಾರು ಬೇಕಾದರೂ ಸುಳ್ಳಾಗಿ ಬರೆದು ಕಳುಹಿಸಬಲ್ಲರು. ಆದುದರಿಂದ ನಮ್ಮ ಮಧ್ಯವರ್ತಿಗಳ ವಿಳಾಸಗಳನ್ನು ಮೊದಲೇ ನಮೂದಿಸಿ, ಅವು ಹೇಳಿದುದನ್ನಷ್ಟೇ ನಂಬುವಂತೆ ಏರ್ಪಡಿಸಬೇಕು. ಎಜೆಪಿಯ 8009ನೆಯ ಪೋರ್ಟನ್ನೂ ಹೊರಗಿನವರಿಗೆ ತೆರೆದಿಡಲಾಗದು. 2020ರಲ್ಲಿ ಬಯಲಾದ ‘ಘೋಸ್ಟ್‌ಕ್ಯಾಟ್’ ದೋಷ ಅದರ ಅಪಾಯವನ್ನು ತೋರಿಸಿಕೊಟ್ಟಿತು. ಯಾರನ್ನೇ ಆಗಲಿ ತಡೆಯುವ ಮುನ್ನ ಇಷ್ಟನ್ನು ಪರೀಕ್ಷಿಸಿದರೆ ನಿರಪರಾಧಿಗಳಿಗೆ ತೊಂದರೆ ತಪ್ಪೀತು.