ಹಗ್ಗ ಎಳೆಯುವಾಗ ಕಳೆದುಹೋದ ಬಲ

ಹಗ್ಗಜಗ್ಗಾಟದ ಒಂದು ಲೆಕ್ಕ ಕೇಳುತ್ತೇನೆ, ಹೇಳಿ. ಒಬ್ಬ ಒಂಟಿಯಾಗಿ ಹಗ್ಗ ಎಳೆದರೆ 85 ಕಿಲೋ ಬಲ ಬೀಳುತ್ತದೆ. ಅಂಥ ಏಳು ಜನ ಸೇರಿ ಎಳೆದರೆ ಎಷ್ಟು? 595 ಅಂತ ಥಟ್ಟನೆ ಹೇಳಿದಿರಾ? ಗಣಿತದ ಮೇಷ್ಟ್ರು ಪೂರ್ತಿ ಅಂಕ ಕೊಡುತ್ತಾರೆ, ಹಗ್ಗ ಮಾತ್ರ ಕೊಡುವುದಿಲ್ಲ.

ಫ್ರಾನ್ಸಿನಲ್ಲಿ ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಕೃಷಿ ಎಂಜಿನಿಯರ್ ಇದ್ದರು. ಹೊಲದ ಕೆಲಸಕ್ಕೆ ಕುದುರೆ, ಎತ್ತು, ಯಂತ್ರ, ಮನುಷ್ಯ ಇವರಲ್ಲಿ ಯಾರಿಂದ ಎಷ್ಟು ಕೆಲಸ ತೆಗೆಯಬಹುದು ಅನ್ನುವುದು ಅವರ ಹುಡುಕಾಟ. 1880ರ ದಶಕದಲ್ಲಿ ಅವರು ಹಗ್ಗದ ತುದಿಗೆ ಬಲ ಅಳೆಯುವ ಮಾಪಕ ಕಟ್ಟಿ ಜನರಿಂದ ಎಳೆಸಿದರು. ಏಳು ಜನ ಕೂಡಿ ಎಳೆದಾಗ ತಲೆಗೆ ಬಿದ್ದದ್ದು ಸುಮಾರು 65 ಕಿಲೋ, ಹದಿನಾಲ್ಕು ಜನವಾದಾಗ 61. ಅಂದರೆ ಏಳು ಜನರ ಗುಂಪಿನಲ್ಲಿ ಸುಮಾರು 140 ಕಿಲೋ ಬಲ ಕಾಣೆ! ಈ ಫಲಿತಾಂಶ ಅಚ್ಚಾದದ್ದು 1913ರಲ್ಲಿ.

ಎಲ್ಲಿ ಹೋಯಿತು ಅದು? ಒಂದು ಕಾರಣ ಸುಲಭ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದಿಲ್ಲ. ಒಬ್ಬ ಜಗ್ಗುವಾಗ ಇನ್ನೊಬ್ಬ ಉಸಿರು ಎಳೆದುಕೊಳ್ಳುತ್ತಿರುತ್ತಾನೆ, ಮತ್ತೊಬ್ಬನ ಕಾಲು ಜಾರುತ್ತಿರುತ್ತದೆ. ‘ಹೈಸಾ’ ಅಂತ ಕೂಗುವುದು ಇದಕ್ಕೇ.

ಎರಡನೆಯ ಕಾರಣ ಮಾತ್ರ ತಮಾಷೆಯದು. ಅದನ್ನು ಹಿಡಿಯಲು ಅಮೆರಿಕದ ಅಲನ್ ಇಂಗಮ್ ಮತ್ತು ಸಂಗಡಿಗರು ಒಂದು ನಾಟಕ ಹೂಡಿದರು. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ಅವನ ಬೆನ್ನ ಹಿಂದೆ ನಿಂತವರು ಎಳೆಯುವಂತೆ ನಟಿಸಿದರೇ ಹೊರತು ಎಳೆಯಲಿಲ್ಲ. ಮಾಪಕದ ಮೇಲೆ ಬಿದ್ದ ಬಲವೆಲ್ಲ ಆ ಒಬ್ಬನದೇ. ಆದರೂ ಒಂಟಿಯಾಗಿ ಎಳೆದದ್ದಕ್ಕಿಂತ ಅವನ ಬಲ ಕಡಿಮೆಯಾಗಿತ್ತು! ಹಿಂದೆ ಜನ ಇದ್ದಾರೆ ಅನ್ನುವ ನಂಬಿಕೆಯೊಂದೇ ಅವನ ಕೈ ಸಡಿಲಿಸಿತ್ತು. ಇದು ಪ್ರಕಟವಾದದ್ದು 1974ರಲ್ಲಿ.

ಐದು ವರ್ಷದ ಮೇಲೆ ಬಿಬ್ ಲತಾನೆ ಮತ್ತು ಜೊತೆಗಾರರು ಹಗ್ಗ ಬಿಟ್ಟು ಗಂಟಲನ್ನು ಪರೀಕ್ಷಿಸಿದರು. ಕಿವಿಗೆ ಹೆಡ್‌ಫೋನ್, ಕಣ್ಣಿಗೆ ಪಟ್ಟಿ. ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಕೂಗಬೇಕು. ತನ್ನ ಜೊತೆ ಇನ್ನೂ ಐದು ಜನ ಕೂಗುತ್ತಿದ್ದಾರೆಂದು ನಂಬಿದವರು ಒಂಟಿಯಾಗಿ ಕೂಗಿದ್ದರ ಮುಕ್ಕಾಲು ಪಾಲಿನಷ್ಟೇ ಸದ್ದು ಮಾಡಿದರು.

ಅವರೆಲ್ಲ ಮೈಗಳ್ಳರು ಅನ್ನಬೇಡಿ. ಬೇಕೆಂದೇ ಮೋಸ ಮಾಡುವುದು ಬೇರೆ, ಇದು ಬೇರೆ. ತನ್ನ ಪಾಲು ಯಾವುದೆಂದು ಯಾರಿಗೂ ಕಾಣದ ಕಡೆ ಮನಸ್ಸು ತಾನಾಗಿಯೇ ಒಂದು ಹಿಡಿ ಬಲ ಉಳಿಸಿಕೊಳ್ಳುತ್ತದೆ. ಆಟ ಸೋತ ತಂಡವನ್ನು ಸಾಲಾಗಿ ನಿಲ್ಲಿಸಿ ಬೈಯುವ ದೊಡ್ಡವರಿಗೂ ಇದು ಗೊತ್ತಿದ್ದರೆ ಒಳ್ಳೆಯದು.

ಮದ್ದೂ ಸಿಕ್ಕಿದೆ. ಗುಂಪಿನಲ್ಲಿದ್ದರೂ ಒಬ್ಬೊಬ್ಬರ ಸದ್ದನ್ನು ಬೇರೆಬೇರೆಯಾಗಿ ಅಳೆಯುತ್ತೇವೆ ಅಂದಾಗ ಜನ ಮತ್ತೆ ಗಂಟಲು ಹರಿಯುವಂತೆ ಕೂಗಿದರು. ರಿಲೇ ಈಜಿನಲ್ಲೂ ಹೀಗೇ ಕಂಡಿದೆ: ಪ್ರತಿಯೊಬ್ಬರ ಸಮಯ ಗಟ್ಟಿಯಾಗಿ ಓದಿ ಹೇಳಿದರೆ ಈಜುಗಾರರು ಒಂಟಿ ಸ್ಪರ್ಧೆಗಿಂತ ಚುರುಕಾದರು, ಹೇಳದಿದ್ದರೆ ನಿಧಾನವಾದರು. ಕಬಡ್ಡಿಯಲ್ಲಿ ರೈಡ್‌ಗೆ ಹೋದವರಿಗೆ ಈ ತೊಂದರೆಯೇ ಇಲ್ಲ, ಇಡೀ ಮೈದಾನದ ಕಣ್ಣು ಅವರ ಮೇಲಿರುತ್ತದಲ್ಲ!

ನಿಮ್ಮ ಶಾಲೆಯ ಕ್ರೀಡಾಕೂಟದ ಅಭ್ಯಾಸದಲ್ಲಿ ಇದನ್ನು ನೋಡಬಹುದು. ಒಂದು ದಿನ ರಿಲೇ ತಂಡದ ಒಟ್ಟು ಸಮಯ ಮಾತ್ರ ಬರೆಯಲು ಪಿ.ಟಿ. ಮೇಷ್ಟ್ರಿಗೆ ಹೇಳಿ. ಇನ್ನೊಂದು ದಿನ ನಾಲ್ವರ ಸಮಯವನ್ನೂ ಬೇರೆಬೇರೆ ಬರೆದು ಎಲ್ಲರೆದುರು ಓದಲಿ. ಒಟ್ಟು ಸಮಯ ಯಾವ ದಿನ ಕಡಿಮೆಯಾಯಿತು ಅಂತ ನೀವೇ ಕೂಡಿಸಿ ನೋಡಿ.