ಗದ್ದದ ಹೊಲಿಗೆ



ಮಕ್ಕಳ ಮುಖದ ಮೂಳೆ ಮುರಿತದ ಬಗ್ಗೆ ಮಾತಾಡಲು ಭೀಮಸಮುದ್ರಕ್ಕೆ ಕರೆಸಿದ್ದೀರಿ. ಬರುವಾಗ ಕೆರೆ ಏರಿಯ ಹತ್ತಿರ ನಮ್ಮ ಕಾರಿನ ಮುಂದೆ ಒಂದು ಎಕ್ಸೆಲ್ ಮೊಪೆಡ್ ಹೋಗುತ್ತಿತ್ತು. ಅಪ್ಪನ ಕಾಲುಗಳ ನಡುವೆ ಹ್ಯಾಂಡಲ್ ಹಿಡಿದು ನಿಂತ ಪುಟ್ಟ ಹುಡುಗ. ಅವನ ಗದ್ದ ಸರಿಯಾಗಿ ಹ್ಯಾಂಡಲ್ಲಿನ ಮಟ್ಟಕ್ಕಿತ್ತು. ನನ್ನ ಅರ್ಧ ಭಾಷಣ ಅಲ್ಲೇ ಮುಗಿಯಿತು. 2023ರ ಫೆಬ್ರವರಿಯಿಂದ ನಾಲ್ಕು ವರ್ಷದೊಳಗಿನವರಿಗೂ ಹೆಲ್ಮೆಟ್ಟು, ಕಟ್ಟುಪಟ್ಟಿ ಕಡ್ಡಾಯ. ಮಕ್ಕಳ ಎಷ್ಟೋ ಹೆಲ್ಮೆಟ್ಟುಗಳು ಗದ್ದ ಮುಚ್ಚುವುದಿಲ್ಲ, ಅದು ಬಿಡಿ.

ಹುಟ್ಟಿದಾಗ ತಲೆಬುರುಡೆ ಮುಖದ 8 ಪಟ್ಟು, ಹಾಗಾಗಿ ಎಳೆಯ ಮಕ್ಕಳಲ್ಲಿ ಪೆಟ್ಟು ಮೊದಲು ಹಣೆಗೇ. ಮೂಳೆಯೂ ಹಸಿಕಡ್ಡಿಯಂತೆ ಬಾಗುತ್ತದೆ. ಈ ಚಿಕಿತ್ಸೆಯಲ್ಲೇ ಜೀವ ತೇಯ್ದವರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರೆದುರು ಇನ್ನೂ ಹೇಳಿದರೆ ಭೀಮಸಮುದ್ರದವರಿಗೆ ಅಡಿಕೆಯಲ್ಲಿ ರಾಶಿ ಯಾವುದು, ಬೆಟ್ಟೆ ಯಾವುದು ಎಂದು ತೋರಿಸಿಕೊಟ್ಟ ಹಾಗಾದೀತು.

ನನ್ನ ತಕರಾರು ಬೇರೆ. ನಾವು ವೈದ್ಯರು ಎಣಿಸುತ್ತ ಬಂದದ್ದು ಅಡ್ಮಿಟ್ ಆದ ಮುರಿತಗಳನ್ನು. ಅದಕ್ಕೇ ಪಟ್ಟಿಯಲ್ಲಿ ಕೆಳದವಡೆ ಮೊದಲು. ಮುರಿದ ಎಷ್ಟೋ ಮೂಗುಗಳು ಲೆಕ್ಕಕ್ಕೇ ಬರುವುದಿಲ್ಲ. ಕಾರಣದ ಕಾಲಂನಲ್ಲಿ ‘ಬಿದ್ದದ್ದು’ ಎಂಬ ಒಂದೇ ಮಾತು. ಎಲ್ಲಿಂದ? ಯಾವುದರ ಮೇಲೆ? ಜೊತೆಗೆ ಯಾರಿದ್ದರು? ಹೊಡೆದದ್ದೂ ಆ ಮಾತಿನಡಿಯಲ್ಲೇ ಅಡಗುತ್ತದೆ.

ಹೀಗೆ ಮುರಿತವನ್ನು ಲೆಕ್ಕ ತಪ್ಪಿಸಿದವರಲ್ಲಿ ಮೊದಲ ತಪ್ಪಿತಸ್ಥ ನಾನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮಾಳಿಗೆ ಮೆಟ್ಟಿಲಿಂದ ಬಿದ್ದ ಐದು ವರ್ಷದ ಹುಡುಗಿಯ ಗದ್ದಕ್ಕೆ ನಾಲ್ಕು ಹೊಲಿಗೆ ಹಾಕಿದೆ. ಚೆಂದದ ಹೊಲಿಗೆ. ಗದ್ದದ ಪೆಟ್ಟಿಗೆ ಕಿವಿಯ ಮುಂದಿನ ಕೀಲು ಮುರಿಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು, ಅಲ್ಲೊಂದು ಬೆರಳಿಟ್ಟು ನೋಡಲಿಲ್ಲ. ಆರು ವರ್ಷದ ಮೇಲೆ ಅವಳು ಮತ್ತೆ ಬಂದಳು. ಬಾಯಿ ನಾಲ್ಕು ಮಿಲಿಮೀಟರ್ ತೆರೆಯುತ್ತಿತ್ತು. ಗದ್ದ ಹಿಂದಕ್ಕೆ ಸರಿದು ಎಡಕ್ಕೆ ವಾಲಿತ್ತು. ಮುದ್ದೆಯನ್ನು ಸಾರಿನಲ್ಲಿ ಕಿವುಚಿ, ಹಲ್ಲು ಬಿದ್ದ ಸಂದಿಯಲ್ಲಿ ಬೆರಳಿಂದ ತುರುಕಿಕೊಳ್ಳುತ್ತಿದ್ದಳು. ಅವಳಮ್ಮ ಬೈಯಲಿಲ್ಲ. “ಹೊಲಿಗೆ ಗುರುತೇ ಇಲ್ಲ ನೋಡಿ ಸಾರ್” ಅಂದರು.

ಅವಳ ಸಿ.ಟಿ. ಸ್ಕ್ಯಾನಿನಲ್ಲಿ ಎರಡೂ ಕಡೆ ಹಳೆಯ ಮುರಿತ. ಎಡಗಡೆಯ ಕೀಲು ಬುರುಡೆಗೆ ಬೆಸೆದುಕೊಂಡು ಒಂದೇ ಮೂಳೆಯಾಗಿತ್ತು. ಬಲಗಡೆಯದು ಸ್ವಲ್ಪ ಡೊಂಕಾಗಿ ಕೂಡಿಕೊಂಡು, ತಾನೇ ದುಂಡಗೆ ತಿದ್ದಿಕೊಂಡು ಬೆಳೆದಿತ್ತು. ಹೀಗೆ ಬೆಸೆದುಕೊಳ್ಳುವುದರಲ್ಲಿ ಕೀಲಿನ ನಡುವಿನ ಮೆತ್ತೆಯ ಪಾತ್ರವೇನು ಎಂದು ಡೇನಿಯಲ್ ಲಾಸ್ಕಿನ್ 1978ರಲ್ಲಿ ಬರೆದರು. ವಯಸ್ಸು ನೋಡಿ ಎಂದವರಿದ್ದಾರೆ, ಬಾಯಿ ಎಷ್ಟು ದಿನ ಆಡಿಸದೆ ಇದ್ದರು ನೋಡಿ ಎಂದವರೂ ಇದ್ದಾರೆ. ಆದರೆ ಇಲ್ಲಿ ಮಗು ಒಂದೇ, ವಯಸ್ಸು ಒಂದೇ, ಆಡಿಸದೆ ಇದ್ದ ಬಾಯಿಯೂ ಒಂದೇ. ಎಡಗಡೆ ಬೆಸೆದುಕೊಂಡಿತು, ಸರಿ. ಬಲಗಡೆ ಹೇಗೆ ಉಳಿಯಿತು? ಮೆತ್ತೆ ಎಂದೇ ನನ್ನ ಗುಮಾನಿ. ಆದರೆ ಆ ಫಿಲ್ಮಿನಲ್ಲಿ ಮೆತ್ತೆ ಕಾಣುವುದಿಲ್ಲ.

ಮಧ್ಯಾಹ್ನದ ಗೋಷ್ಠಿಯಲ್ಲಿ ಕೀಲಿನ ಮೇಲೆ ಪ್ರಬಂಧ ಮಂಡಿಸುವ ಹುಡುಗರು ಊಟದ ಹೊತ್ತಿಗೆ ಸಿಗಿ. ಫಿಲ್ಮನ್ನು ಬ್ಯಾಗಿನಲ್ಲೇ ತಂದಿದ್ದೇನೆ.